ಆರು ತಿಂಗಳು ಒಳಗಿದ್ದು ಬಂದರೆ ನಾಲ್ಕು ಲಕ್ಷ ದಂಡ ತೀರುತ್ತದೆಯೇ?

ಪ್ರಶ್ನೆ: ನಮ್ಮ ಭಾವನವರಿಗೆ ಚೆಕ್ ಬೌನ್ಸ್ ಕೇಸಿನಲ್ಲಿ ನಾಲ್ಕು ಲಕ್ಷ ರೂಪಾಯಿ ದಂಡ, ಕಟ್ಟಲು ತಪ್ಪಿದರೆ ಆರು ತಿಂಗಳು ಸಾದಾ ಸಜೆ ಎಂದು ತೀರ್ಪಾಗಿದೆ. ಊರಿನಲ್ಲಿ ಎಲ್ಲರೂ "ಆರು ತಿಂಗಳು ಒಳಗಿದ್ದು ಬಾ, ನಾಲ್ಕು ಲಕ್ಷ ಉಳೀತದೆ" ಎನ್ನುತ್ತಿದ್ದಾರೆ. ಅವರಿಗೂ ಅದೇ ಸರಿ ಅನ್ನಿಸಿಬಿಟ್ಟಿದೆ. ಅವರ ಹೆಸರಿನಲ್ಲಿ ಎರಡು ಎಕರೆ ಹೊಲವಿದೆ. ಜೈಲು ಮುಗಿಸಿ ಬಂದ ಮೇಲೂ ಕೋರ್ಟು ಆ ದುಡ್ಡು ಕೇಳಬಹುದೇ?

ಉತ್ತರ: ಕೇಳಬಹುದು. ನಿಮ್ಮ ಭಾವನವರ ಕೇಸಿನಲ್ಲಿ ಕೇಳುವ ಸಾಧ್ಯತೆಯೇ ಹೆಚ್ಚು.

ಊರಿನವರ ಲೆಕ್ಕ ಮೇಲ್ನೋಟಕ್ಕೆ ಚೆನ್ನಾಗಿಯೇ ಇದೆ. ನಾಲ್ಕು ಲಕ್ಷವನ್ನು ಆರರಿಂದ ಭಾಗಿಸಿದರೆ ತಿಂಗಳಿಗೆ ಅರವತ್ತಾರು ಸಾವಿರ ಚಿಲ್ಲರೆ. ಊಟ, ವಸತಿ ಬೇರೆ ಉಚಿತ. ಈ ಸಂಬಳ ಊರಲ್ಲಿ ಯಾರಿಗಿದೆ? ಆದರೆ ಕಾನೂನು ಆ ಆರು ತಿಂಗಳನ್ನು ದಂಡದ ಬೆಲೆ ಎಂದು ಎಣಿಸುವುದಿಲ್ಲ. ದಂಡ ಕಟ್ಟಿಸಲು ಕೊಡುವ ಪೆಟ್ಟು ಎಂದು ಎಣಿಸುತ್ತದೆ. 2007ರ ಶಾಂತಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ತಪ್ಪಿಗೆ ಕೊಡುವ ಜೈಲು ಶಿಕ್ಷೆಯೇ ಬೇರೆ, ದಂಡ ಕಟ್ಟದ್ದಕ್ಕೆ ಅನುಭವಿಸುವ ಜೈಲೇ ಬೇರೆ. ಎರಡನೆಯದು ದುಡ್ಡು ಕಟ್ಟದ ಕಾರಣಕ್ಕೆ ಮೈಮೇಲೆ ಬಂದದ್ದು, ಕಟ್ಟಿದ ಕ್ಷಣ ಹೋಗುವಂಥದ್ದು.

ಮೊದಲು ತೀರ್ಪಿನ ಪ್ರತಿ ತೆಗೆದು ಕೊನೆಯ ಪುಟ ನೋಡಿ. 'ಆದೇಶ' ಎಂಬ ತಲೆಬರಹದ ಕೆಳಗೆ ನಾಲ್ಕೈದು ಸಾಲು ಇರುತ್ತವೆ. ನಮ್ಮ ಕೋರ್ಟುಗಳ ಚೆಕ್ ಬೌನ್ಸ್ ತೀರ್ಪುಗಳಲ್ಲಿ ಸಾಮಾನ್ಯವಾಗಿ ಇರುವ ಒಕ್ಕಣೆ ಹೀಗೆ: ಆರೋಪಿ 4,00,000 ರೂ. ದಂಡ ಕಟ್ಟತಕ್ಕದ್ದು, ಅದರಲ್ಲಿ 3,95,000 ರೂ. ಫಿರ್ಯಾದಿಗೆ ಪರಿಹಾರವಾಗಿ ಸಲ್ಲತಕ್ಕದ್ದು, ಉಳಿದ 5,000 ರೂ. ಸರ್ಕಾರಕ್ಕೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಆ ಎರಡನೇ ಸಾಲಿನಲ್ಲಿ.

ದಂಡ ವಸೂಲಿಯ ನಿಯಮ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 421ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅದೇ ನಿಯಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 461ನೇ ಕಲಮಾಗಿದೆ. ನಂಬರು ಬದಲಾಗಿದೆ, ತಿರುಳು ಬದಲಾಗಿಲ್ಲ. ಅದು ಹೇಳುವುದು ಇಷ್ಟು. ದಂಡ ತಪ್ಪಿದ್ದಕ್ಕೆ ವಿಧಿಸಿದ ಸಜೆಯನ್ನು ಅಪರಾಧಿ ಪೂರ್ತಿ ಅನುಭವಿಸಿದ್ದರೆ ಕೋರ್ಟು ಆಮೇಲೆ ವಸೂಲಾತಿ ವಾರಂಟ್ ಹೊರಡಿಸಬಾರದು. ಇಲ್ಲಿಯವರೆಗೆ ಊರಿನವರ ಮಾತು ಸರಿ. ಆದರೆ ಇದಕ್ಕೆ ಎರಡು ಕಿಂಡಿಗಳಿವೆ. ವಿಶೇಷ ಕಾರಣವಿದೆ ಎಂದು ಬರೆದಿಟ್ಟು ವಾರಂಟ್ ಹೊರಡಿಸಬಹುದು. ಅಥವಾ ದಂಡದ ಹಣದಿಂದಲೇ ಖರ್ಚು ಇಲ್ಲವೇ ಪರಿಹಾರ ಕೊಡಬೇಕೆಂದು ಆದೇಶವಾಗಿದ್ದರೆ, ಯಾವ ವಿಶೇಷ ಕಾರಣವೂ ಇಲ್ಲದೆ ಹೊರಡಿಸಬಹುದು.

ನಿಮ್ಮ ಭಾವನವರು ಸಿಕ್ಕಿಬೀಳುವುದು ಈ ಎರಡನೇ ಕಿಂಡಿಯಲ್ಲಿ. ಐದು ಸಾವಿರ ಸರ್ಕಾರದ್ದು, ಅದರ ಬೆನ್ನು ಹತ್ತಿ ಯಾರೂ ಬರಲಿಕ್ಕಿಲ್ಲ. 3,95,000 ಮಾತ್ರ ಚೆಕ್ ಹಿಡಿದು ಕೋರ್ಟಿಗೆ ಅಲೆದವನದ್ದು. ನಿಮ್ಮ ಭಾವ ಜೈಲಿನಲ್ಲಿ ಕಳೆದ ಆರು ತಿಂಗಳಿಂದ ಅವನ ಕಿಸೆಗೆ ಬಿಡಿಗಾಸೂ ಬಂದಿರುವುದಿಲ್ಲ. 2017ರಲ್ಲಿ ಕೇರಳದ ಕುಮಾರನ್ ಪ್ರಕರಣದಲ್ಲಿ ಇದೇ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಅದೂ ಚೆಕ್ಕಿನ ಕೇಸೇ. ದಂಡ ತಪ್ಪಿದ್ದಕ್ಕೆ ಬಂದ ಸಜೆ, ಅಂದರೆ 'ತಪ್ಪಿದ ಸಜೆ', ಅನುಭವಿಸಿದ ಮಾತ್ರಕ್ಕೆ ಪರಿಹಾರದ ಹೊಣೆ ತೀರುವುದಿಲ್ಲ ಎಂದು ಕೋರ್ಟು ಹೇಳಿತು. ನನಗಂತೂ ಇದು ನ್ಯಾಯವಾದದ್ದೇ ಅನ್ನಿಸುತ್ತದೆ. ಸಾಲಗಾರ ಜೈಲಿಗೆ ಹೋದದ್ದಕ್ಕೆ ಸಾಲ ಕೊಟ್ಟವನು ಏಕೆ ಕಳೆದುಕೊಳ್ಳಬೇಕು?

ಇನ್ನು ವಸೂಲಿ ನಡೆಯುವ ಬಗೆ. ಕೋರ್ಟಿನ ಪಡಸಾಲೆಯಲ್ಲಿ ನಿಂತರೆ "ಎಫ್‌ಎಲ್‌ಡಬ್ಲ್ಯು ಆಯ್ತಾ?" ಎಂಬ ಮಾತು ಕಿವಿಗೆ ಬೀಳುತ್ತದೆ. ಫೈನ್ ಲೆವಿ ವಾರಂಟ್, ಅಂದರೆ ದಂಡ ವಸೂಲಾತಿ ವಾರಂಟ್, ವಕೀಲರ ಬಾಯಲ್ಲಿ ಹೀಗೆ ಮೊಟಕಾಗಿದೆ. ಇದು ಎರಡು ದಾರಿಯಲ್ಲಿ ಹೋಗಬಹುದು. ಒಂದು, ಚರಾಸ್ತಿಯನ್ನು ಜಪ್ತಿ ಮಾಡಿ ಮಾರುವ ವಾರಂಟ್. ಇದು ರೂಢಿಯಲ್ಲಿ ಪೊಲೀಸ್ ಠಾಣೆಗೆ ಹೋಗುತ್ತದೆ. ಬೈಕು, ಟ್ರ್ಯಾಕ್ಟರು, ಅಂಗಡಿಯ ಸರಕು ಇದಕ್ಕೆ ಸಿಗುವಂಥವು. ನಿಜ ಹೇಳಬೇಕೆಂದರೆ ಈ ದಾರಿ ಬಹಳ ಸಲ ಠಾಣೆಯ ಕಪಾಟಿನಲ್ಲೇ ಮುಗಿಯುತ್ತದೆ. ಕಳ್ಳರನ್ನು ಹಿಡಿಯಲು ಸಾಲದ ಸಿಬ್ಬಂದಿಗೆ ಯಾರದೋ ಫ್ರಿಜ್ ಹೊತ್ತು ತರುವ ಉತ್ಸಾಹ ಎಲ್ಲಿಂದ ಬರಬೇಕು? "ಆಸಾಮಿ ವಿಳಾಸದಲ್ಲಿ ಸಿಗಲಿಲ್ಲ, ಜಪ್ತಿಗೆ ತಕ್ಕ ಸ್ವತ್ತು ಇಲ್ಲ" ಎಂಬ ಷರಾ ಬರೆದುಕೊಂಡು ವಾರಂಟ್ ವಾಪಸ್ ಬರುತ್ತದೆ.

ಎರಡನೇ ದಾರಿ ನಿಮ್ಮ ಭಾವನವರ ಎರಡು ಎಕರೆಗೆ ಸಂಬಂಧಿಸಿದ್ದು. ಕೋರ್ಟು ಜಿಲ್ಲಾಧಿಕಾರಿಗೆ ವಾರಂಟ್ ಕಳಿಸಿ, ದಂಡವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಿ ಎನ್ನಬಹುದು. ಆಗ ಚರಾಸ್ತಿ, ಸ್ಥಿರಾಸ್ತಿ ಎರಡಕ್ಕೂ ಕೈಹಾಕಬಹುದು. ಕಾಗದ ಜಿಲ್ಲಾಧಿಕಾರಿ ಕಚೇರಿಯಿಂದ ತಹಸೀಲ್ದಾರರಿಗೆ ಇಳಿಯುತ್ತದೆ. ಕರ್ನಾಟಕ ಭೂಕಂದಾಯ ಕಾಯ್ದೆಯಂತೆ ನೋಟಿಸು, ಜಪ್ತಿ, ಹರಾಜು ನಡೆಯುತ್ತವೆ. ಹರಾಜಿನವರೆಗೆ ಹೋಗದಿದ್ದರೂ, ಜಪ್ತಿಯ ವಿಷಯ ಪಹಣಿಯ ಋಣದ ಕಾಲಂನಲ್ಲಿ ಕೂತಿತೆಂದರೆ ಬೆಳೆ ಸಾಲವೂ ಸಿಗದು, ಕೊಳ್ಳುವವನೂ ಬಾರ. ಒಂದು ಸಮಾಧಾನವೆಂದರೆ, ಈ ದಾರಿಯಲ್ಲಿ ಮೈಮೇಲೆ ಕೈಹಾಕುವಂತಿಲ್ಲ. ಜಿಲ್ಲಾಧಿಕಾರಿಗೆ ಹೋದ ವಾರಂಟಿನ ಮೇಲೆ ಅಪರಾಧಿಯನ್ನು ಬಂಧಿಸಿ ಜೈಲಿನಲ್ಲಿ ಇಡಬಾರದು ಎಂದು ಅದೇ ಕಲಮಿನಲ್ಲಿ ಬರೆದಿದೆ.

ಹಾಗಾದರೆ ಆರೇ ತಿಂಗಳು ಏಕೆ, ಆರು ವರ್ಷ ಏಕಲ್ಲ? ಜೈಲು, ದಂಡ ಎರಡನ್ನೂ ವಿಧಿಸಬಹುದಾದ ಅಪರಾಧವಾದರೆ, ದಂಡ ತಪ್ಪಿದ್ದಕ್ಕೆ ಕೊಡುವ ಸಜೆ ಆ ಅಪರಾಧದ ಗರಿಷ್ಠ ಶಿಕ್ಷೆಯ ಕಾಲು ಭಾಗ ಮೀರಬಾರದು. ಚೆಕ್ ಬೌನ್ಸಿಗೆ ಗರಿಷ್ಠ ಎರಡು ವರ್ಷ, ಕಾಲು ಭಾಗವೆಂದರೆ ಆರು ತಿಂಗಳು. ಅಂದರೆ ನಿಮ್ಮ ಭಾವನವರಿಗೆ ಕೊಟ್ಟಿರುವುದು ಕೊಡಬಹುದಾದಷ್ಟೂ. ಬರೀ ದಂಡದ ಶಿಕ್ಷೆ ಇರುವ ಸಣ್ಣ ಅಪರಾಧಗಳಿಗೆ ಬೇರೆ ಪಟ್ಟಿ ಇದೆ, ಅದರ ಕಥೆ ಸ್ವಾರಸ್ಯವಾಗಿದೆ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಐವತ್ತು ರೂಪಾಯಿವರೆಗಿನ ದಂಡಕ್ಕೆ ಎರಡು ತಿಂಗಳು, ನೂರರವರೆಗೆ ನಾಲ್ಕು ತಿಂಗಳು, ಅದಕ್ಕೆ ಮೇಲ್ಪಟ್ಟದ್ದಕ್ಕೆಲ್ಲ ಆರು ತಿಂಗಳು ಎಂದಿತ್ತು. ಐವತ್ತು ರೂಪಾಯಿ ಆಗ ದೊಡ್ಡ ಮೊತ್ತ. ಆ ಪಟ್ಟಿ 2024ರ ಜೂನ್ 30ರ ತನಕ ಹಾಗೇ ಉಳಿದಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ಸಾವಿರದವರೆಗೆ ಎರಡು ತಿಂಗಳು, ಹತ್ತು ಸಾವಿರದವರೆಗೆ ನಾಲ್ಕು ತಿಂಗಳು, ಅದಕ್ಕೂ ಮೇಲಾದರೆ ಒಂದು ವರ್ಷ.

ಮೊತ್ತ ಎಷ್ಟೇ ಏರಿದರೂ ತಪ್ಪಿದ ಸಜೆ ಅದರ ಜೊತೆ ಏರುವುದಿಲ್ಲ. ಬೆಂಗಳೂರಿನ ವಿಶೇಷ ನ್ಯಾಯಾಲಯ 2014ರ ಸೆಪ್ಟೆಂಬರ್ 27ರಂದು ಅಕ್ರಮ ಆಸ್ತಿ ಕೇಸಿನಲ್ಲಿ ತಮಿಳುನಾಡಿನ ಜಯಲಲಿತಾ ಅವರಿಗೆ ನಾಲ್ಕು ವರ್ಷ ಜೈಲಿನ ಜೊತೆ ನೂರು ಕೋಟಿ ದಂಡ ವಿಧಿಸಿತು. ಸಹ ಆರೋಪಿಗಳಾದ ಶಶಿಕಲಾ, ಇಳವರಸಿ, ಸುಧಾಕರನ್ ಅವರಿಗೆ ತಲಾ ಹತ್ತು ಕೋಟಿ. ಹತ್ತು ಕೋಟಿ ತಪ್ಪಿದರೆ ಇನ್ನೊಂದು ವರ್ಷ ಒಳಗೆ. ಶಶಿಕಲಾ 2020ರ ನವೆಂಬರಿನಲ್ಲಿ ದಂಡ ಕಟ್ಟಿ 2021ರ ಜನವರಿಯಲ್ಲಿ ಬಿಡುಗಡೆಯಾದರು. ದಂಡ ಕಟ್ಟದ ಸುಧಾಕರನ್ ಹೊರಬರುವಾಗ ಅದೇ ವರ್ಷದ ಅಕ್ಟೋಬರ್ ಆಗಿತ್ತು. ನಿಮ್ಮೂರಿನವರ ಲೆಕ್ಕದಲ್ಲಿ ಸುಧಾಕರನ್ ದಿನವೊಂದಕ್ಕೆ ಎರಡು ಮುಕ್ಕಾಲು ಲಕ್ಷದಷ್ಟು ದುಡಿದ ಹಾಗಾಯಿತು!

ಈ ಕೇಸು ಇನ್ನೊಂದು ಪ್ರಶ್ನೆಯನ್ನೂ ಎತ್ತಿತು: ದಂಡಕ್ಕೆ ಗುರಿಯಾದವರು ಸತ್ತರೆ? ದಂಡ ಸತ್ತವರ ಜೊತೆ ಸಾಯುವುದಿಲ್ಲ. ಅವರ ಸಾಲಕ್ಕೆ ಯಾವ ಆಸ್ತಿ ಹೊಣೆಯೋ ಅದೇ ಆಸ್ತಿ ದಂಡಕ್ಕೂ ಹೊಣೆ. ಆದರೆ ಜಯಲಲಿತಾ ವಿಷಯದಲ್ಲಿ ಹಾಗಾಗಲಿಲ್ಲ. ಹೈಕೋರ್ಟ್ 2015ರಲ್ಲಿ ಅವರನ್ನು ಖುಲಾಸೆ ಮಾಡಿತ್ತು. ಅದರ ವಿರುದ್ಧದ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗುವ ಮೊದಲೇ, 2016ರ ಡಿಸೆಂಬರ್ 5ರಂದು ಅವರು ತೀರಿಕೊಂಡರು. 2017ರ ಫೆಬ್ರುವರಿ 14ರ ತೀರ್ಪು ಉಳಿದ ಮೂವರ ಶಿಕ್ಷೆಯನ್ನು ಮತ್ತೆ ಎತ್ತಿ ಹಿಡಿಯಿತು, ಜಯಲಲಿತಾ ವಿರುದ್ಧದ ಮೇಲ್ಮನವಿ ಮುಗಿಯಿತೆಂದಿತು. ನೂರು ಕೋಟಿಯನ್ನು ಅವರ ಆಸ್ತಿಯಿಂದ ವಸೂಲು ಮಾಡಲು ಬಿಡಿ ಎಂದು ಕರ್ನಾಟಕ ಸರ್ಕಾರ ಪುನರ್‌ಪರಿಶೀಲನಾ ಅರ್ಜಿ ಹಾಕಿತು, ಅದೂ ವಜಾ ಆಯಿತು. ನಿಮ್ಮ ಭಾವನವರ ಮನೆಯಲ್ಲಿ ಯಾರಾದರೂ ಈ ಉದಾಹರಣೆ ಹಿಡಿದು ಧೈರ್ಯ ತಂದುಕೊಳ್ಳುವುದು ಬೇಡ. ಅಲ್ಲಿ ಸಾಯುವಾಗ ಅವರ ತಲೆಯ ಮೇಲೆ ಶಿಕ್ಷೆಯೇ ಇರಲಿಲ್ಲ.

ಕಾಲಮಿತಿ ಆರು ವರ್ಷ. ತೀರ್ಪಾದ ದಿನದಿಂದ ಆರು ವರ್ಷದೊಳಗೆ ಯಾವಾಗ ಬೇಕಾದರೂ ದಂಡ ವಸೂಲಿಗೆ ಬರಬಹುದು. ಜೈಲು ಶಿಕ್ಷೆಯೇ ಆರು ವರ್ಷಕ್ಕಿಂತ ಹೆಚ್ಚಿದ್ದರೆ ಅದು ಮುಗಿಯುವವರೆಗೂ ಬರಬಹುದು.

ಪೂರ್ತಿ ದುಡ್ಡು ಇಲ್ಲ, ಅರ್ಧಂಬರ್ಧ ಇದೆ ಎನ್ನುವವರಿಗೂ ದಾರಿ ಇದೆ. ಒಳಗಿರುವಾಗ ಎಷ್ಟು ಕಟ್ಟಿದರೆ ಅಷ್ಟು ದಿನ ಕಡಿಮೆಯಾಗುತ್ತದೆ. ನಾಲ್ಕು ಲಕ್ಷದಲ್ಲಿ ಮೂರು ಲಕ್ಷ ಕಟ್ಟಿದರೆ ಉಳಿಯುವುದು ಕಾಲು ಭಾಗ. ಆರು ತಿಂಗಳ ಕಾಲು ಭಾಗವಾದ ಒಂದೂವರೆ ತಿಂಗಳು ಕಳೆದಿದ್ದರೆ ಅಂದೇ ಬಿಡುಗಡೆ. ಆದರೆ ವಿಚಾರಣೆಯ ಕಾಲದಲ್ಲಿ ಜೈಲಿನಲ್ಲಿದ್ದ ದಿನಗಳನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆ ಕಡಿತ ತಪ್ಪಿಗೆ ಕೊಟ್ಟ ಮೂಲ ಜೈಲು ಶಿಕ್ಷೆಗೆ ಮಾತ್ರ. ಎರಡು ಮೂರು ಚೆಕ್ಕಿನ ಕೇಸುಗಳಲ್ಲಿ ಬೇರೆ ಬೇರೆ ದಂಡ ಬಿದ್ದಿದ್ದರೆ ತಪ್ಪಿದ ಸಜೆಗಳು ಒಟ್ಟೊಟ್ಟಿಗೆ ಓಡುವುದಿಲ್ಲ, ಒಂದಾದ ಮೇಲೆ ಒಂದು. 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ಖಚಿತಪಡಿಸಿದೆ.

'ಖರ್ಚು' ಎಂಬುದನ್ನೂ ಕೆಲವರು ಕೇಳುತ್ತಾರೆ. ಪೊಲೀಸರು ವಾರಂಟಿಲ್ಲದೆ ಹಿಡಿಯಲಾಗದ ಅಪರಾಧದಲ್ಲಿ ಖಾಸಗಿ ದೂರು ಕೊಟ್ಟು ಗೆದ್ದವರಿಗೆ ಸಮನ್ಸಿನ ಶುಲ್ಕ, ಸಾಕ್ಷಿಗಳ ಖರ್ಚು, ವಕೀಲರ ಫೀ ಇವುಗಳನ್ನು ಆರೋಪಿಯೇ ಕೊಡಬೇಕೆಂದು ಕೋರ್ಟು ಹೇಳಬಹುದು. ತಪ್ಪಿದರೆ ಹೆಚ್ಚೆಂದರೆ ಮೂವತ್ತು ದಿನ ಸಾದಾ ಸಜೆ. ವಸೂಲಿ ದಂಡದಂತೆಯೇ.

ಟ್ರಾಫಿಕ್ ದಂಡಕ್ಕೆ 2023ರಲ್ಲಿ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರಲ್ಲ, ಇದಕ್ಕೂ ಅಂಥದ್ದು ಬರಬಹುದೇ ಎಂದು ಕಾದು ಕೂರಬೇಡಿ. ಅದು ಪೊಲೀಸ್ ಚಲನ್ನಿನ ಬಾಕಿಗೆ ಕೊಟ್ಟದ್ದು. ನ್ಯಾಯಾಧೀಶರು ತೀರ್ಪಿನಲ್ಲಿ ಬರೆದ ದಂಡವನ್ನು ಮೇಲಿನ ಕೋರ್ಟು ಕಡಿಮೆ ಮಾಡಬಹುದೇ ಹೊರತು ಸರ್ಕಾರಿ ಸುತ್ತೋಲೆ ಅಲ್ಲ.

ನಿಜವಾಗಿಯೂ ಕೈಯಲ್ಲಿ ಕಾಸಿಲ್ಲದೆ, ಮೂಲ ಶಿಕ್ಷೆ ಮುಗಿದ ಮೇಲೂ ದಂಡಕ್ಕಾಗಿ ಒಳಗೇ ಕೊಳೆಯುವ ಬಡ ಕೈದಿಗಳ ಮಾತು ಬೇರೆ. ಅವರಿಗಾಗಿ ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ಒಂದು ಯೋಜನೆ ತಂದಿದೆ. ಜಿಲ್ಲಾ ಮಟ್ಟದ ಸಮಿತಿ ಒಪ್ಪಿದರೆ 25,000 ರೂಪಾಯಿವರೆಗೆ ದಂಡವನ್ನು ಸರ್ಕಾರವೇ ಕಟ್ಟುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಎರಡು ಎಕರೆ ಇಟ್ಟುಕೊಂಡು ನಾಲ್ಕು ಲಕ್ಷ ಉಳಿಸಲು ಹೊರಟವರಿಗೆ ಇದು ಅನ್ವಯಿಸದು, ಅನ್ವಯಿಸಲೂ ಬಾರದು.

ಈಗ ಭಾವನವರು ಮಾಡಬೇಕಾದ್ದು. ತೀರ್ಪು ತಪ್ಪೆನ್ನಿಸಿದರೆ ಮೂವತ್ತು ದಿನದೊಳಗೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಿ, ಶಿಕ್ಷೆ ಅಮಾನತಿಗೆ ಅರ್ಜಿ ಕೊಡಬೇಕು. ಚೆಕ್ ಕೇಸಿನಲ್ಲಿ ದಂಡ ಅಥವಾ ಪರಿಹಾರದ ಕನಿಷ್ಠ ಶೇ 20ರಷ್ಟನ್ನು ಠೇವಣಿ ಇಡುವಂತೆ ಆ ಕೋರ್ಟು ಹೇಳಬಹುದು. ಇಲ್ಲಿ 80,000 ರೂ. ಆಗುತ್ತದೆ, ಹೊಂದಿಸಿಟ್ಟುಕೊಂಡೇ ಹೋಗಿ. ತೀರ್ಪು ಒಪ್ಪಿಗೆಯಾದರೆ ಕಂತು ಕೇಳಲಿ. ಬರೀ ದಂಡದ ಶಿಕ್ಷೆಯಾದಾಗ ಕೋರ್ಟು ಮುಚ್ಚಳಿಕೆ ಬರೆಸಿಕೊಂಡು ಎರಡು ಅಥವಾ ಮೂರು ಕಂತು ಕೊಡಬಹುದು. ಮೊದಲನೆಯದು ಮೂವತ್ತು ದಿನದೊಳಗೆ, ಮುಂದಿನವು ಮೂವತ್ತು ದಿನ ಮೀರದ ಅಂತರದಲ್ಲಿ. ಇದನ್ನು ತಾನಾಗಿ ಯಾರೂ ಕೊಡುವುದಿಲ್ಲ, ವಕೀಲರಿಂದ ಅರ್ಜಿ ಹಾಕಿಸಬೇಕು.

ದುಡ್ಡು ಕಟ್ಟಿದ ಮೇಲೆ ರಸೀದಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ ಮರೆಯಬೇಡಿ. ಕೋರ್ಟಿನಲ್ಲಿ ಕಟ್ಟಿದ್ದು ಠಾಣೆಗೆ ತಾನಾಗಿ ತಿಳಿಯುವುದಿಲ್ಲ. ವಾರಂಟ್ ಅದಾಗಲೇ ಹೊರಟಿದ್ದರೆ ಅದನ್ನು ಹಿಂದಕ್ಕೆ ಕರೆಸಿಕೊಳ್ಳಲು ಮೆಮೊ ಹಾಕಿಸಿ, ಆ ಆದೇಶದ ಪ್ರತಿಯನ್ನು ಠಾಣೆಗೂ ತಹಸೀಲ್ದಾರ್ ಕಚೇರಿಗೂ ನೀವೇ ಒಯ್ದು ಕೊಟ್ಟು ಸ್ವೀಕೃತಿ ಪಡೆಯಿರಿ. ಆರು ತಿಂಗಳ ಬಳಿಕ ಒಮ್ಮೆ ಪಹಣಿ ತೆಗೆಸಿ ನೋಡಿ.