ಮಡಿ: ಬಟ್ಟೆಯಿಂದ ಮೈಗೆ ಬಂದ ಮಾತು

ಹಳೆ ಮೈಸೂರಿನ ಹಳ್ಳಿಗಳಲ್ಲಿ ‘ಬಟ್ಟೆ ಮಡಿ ಮಾಡು’ ಎಂದರೆ ಒಗೆ ಎಂದಷ್ಟೇ ಅರ್ಥ, ಪೂಜೆಯ ಮಾತೇ ಇಲ್ಲ. ಒಗೆಯುವ ಕಸುಬಿನವರು ಮಡಿವಾಳರು. 12ನೇ ಶತಮಾನದಲ್ಲಿ ಶರಣರ ಬಟ್ಟೆ ಒಗೆದ, ದೇವರ ಹಿಪ್ಪರಗಿಯ ಮಾಚಿದೇವನ ಹೆಸರಿಗೂ ಈ ಕಸುಬೇ ಅಂಟಿಕೊಂಡಿದೆ. ಉತ್ಸವದ ದಾರಿಗೆ ಹಾಸುವ ನಡೆಮಡಿಯೂ ಮಡಿವಾಳರದೇ. (ಸಸಿಮಡಿ, ಇಮ್ಮಡಿಗಳ ಮಡಿ ಬೇರೆ, ಸಾಯುವ ಮಡಿಯೂ ಬೇರೆ.)

ಬ್ರಾಹ್ಮಣರ ಮನೆಗಳಲ್ಲಿ ಬಟ್ಟೆಯ ಈ ಗುಣ ಉಟ್ಟವರ ಸ್ಥಿತಿಯೂ ಆಯಿತು. ವಿಚಿತ್ರವೆಂದರೆ, ಮಡಿವಾಳರು ಒಗೆದು ಇಸ್ತ್ರಿ ಮಾಡಿ ತಂದ ಪಂಚೆ ಅಲ್ಲಿ ಮೈಲಿಗೆ! ಸ್ನಾನವಾದವರು ಅದನ್ನು ಮತ್ತೆ ನೀರಿಗದ್ದಿ, ಹಿಂಡಿ, ಕೈಗೆಟುಕದ ಎತ್ತರದ ಗಳದ ಮೇಲೆ ಕೋಲಿನಿಂದ ಹರವಬೇಕು. ಮರುದಿನ ಮಿಂದು, ಒದ್ದೆಬಟ್ಟೆಯಲ್ಲೇ ಬಂದು, ಕೋಲಿನಿಂದ ಇಳಿಸಿ ಉಡಬೇಕು. ಎಡವಟ್ಟಾಗುವುದು ಹೆಚ್ಚಾಗಿ ಇಳಿಸುವಾಗಲೇ. ಅಂಚು ಜಾರಿ ಹಾಸಿಗೆಗೋ ಮೀಯದವರಿಗೋ ತಾಗಿದರೆ ಮತ್ತೆ ಅದ್ದುವುದೇ ಗತಿ. ಹತ್ತಿಗೆ ನಿಯಮ ಬಿಗಿ, ರೇಷ್ಮೆಗೆ ಸಡಿಲು, ದಿನವೂ ಒಗೆಯಬೇಕಿಲ್ಲ. ಮಳೆಗಾಲದಲ್ಲಿ ಪಂಚೆ ಒಣಗದಿದ್ದಾಗ ಪಟ್ಟೆಮಡಿ, ಅಂದರೆ ರೇಷ್ಮೆಯ ಮಡಿಬಟ್ಟೆ, ಕಾಪಾಡುವುದು ಹೀಗೆ.

ಹಾಗಾಗಿ ಮಡಿಯನ್ನು ಶುಚಿ ಎಂದು ಅರ್ಥ ಮಾಡಿದರೆ ಅರ್ಧ ತಪ್ಪುತ್ತದೆ. ಮುಗ್ಗಲು ನಾತದ ಪಂಚೆ ಮಡಿಯಾಗಬಹುದು, ಗರಿಗರಿ ಅಂಗಿ ಆಗದು. ಮುಸುರೆ, ಎಂಜಲುಗಳನ್ನೂ ಇದರೊಡನೆ ಕಲಸುವವರಿದ್ದಾರೆ. ಅನ್ನ ಬೆಂದ ಪಾತ್ರೆ ಮುಟ್ಟಿದರೆ ಮುಸುರೆ, ಕೈ ತೊಳೆದರೆ ಹೋಯಿತು. ಬಾಯಿ ತಾಗಿದ್ದು ಎಂಜಲು. ಮೈಲಿಗೆ ಕಳೆಯಲು ಮಾತ್ರ ಮತ್ತೆ ಮೀಯಬೇಕು, ಬಟ್ಟೆ ಬದಲಿಸಬೇಕು. ಮುಟ್ಟದೆ ಕಾಯುವ ಈ ದೂರ ಬರೀ ಬಟ್ಟೆಯದಾಗಿರಲಿಲ್ಲ. ಯಾರನ್ನು ಮುಟ್ಟಬಾರದು ಎಂಬ ಜಾತಿಯ ಲೆಕ್ಕವೂ ಅದರಲ್ಲೇ ಇತ್ತು.

ಭಾರ ಹೆಚ್ಚು ಬಿದ್ದದ್ದು ಹೆಂಗಸರ ಮೇಲೆ. ಗಂಡ ಸತ್ತ ಬಳಿಕ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದವಳಿಗೆ ‘ಮಡಿ ಹೆಂಗಸು’ ಎಂಬ ಹೆಸರು, ಜೊತೆಗೆ ಮಡಿ ಅಡುಗೆಯ ದುಡಿಮೆ. ಗೌರವದಂತೆ ಕೇಳುವ ಈ ಮಾತು ನಿಜಕ್ಕೂ ಶಿಕ್ಷೆಯ ಹೆಸರು.

‘ಮಡಿವಂತ’ ಎಂಬುದು ಈಗ ಹೊಗಳಿಕೆಯಾಗಿ ಉಳಿದಿರುವುದು ಅಪರೂಪ. ಆಡುಮಾತು ಬರವಣಿಗೆಗೆ ಬರಬಾರದು ಎನ್ನುವವರದು ಭಾಷೆಯ ಮಡಿವಂತಿಕೆ, ಪ್ರಣಯದ ಮಾತಿಗೆ ಮುಖ ಕಿವಿಚುವವರದೂ ಮಡಿವಂತಿಕೆಯೇ. ಗಳ, ಕೋಲುಗಳನ್ನು ಕಾಣದವರೂ ಈ ಪದವನ್ನು ಸಲೀಸಾಗಿ ಬಳಸುತ್ತಾರೆ: ಮುಟ್ಟದೆ ದೂರ ನಿಲ್ಲುವ ಗುಣವೊಂದೇ ಅದರಲ್ಲಿ ಉಳಿದಿದೆ, ಬಟ್ಟೆ ಕಳಚಿಹೋಗಿದೆ.