3-2 ತೀರ್ಪು ಮತ್ತು ಜಡ್ಜ್‌ಗಳ ಲೆಕ್ಕ

ಇಬ್ಬರು ರ‍್ಯಾಪರ್‌ಗಳು ರೌಂಡ್ ರೌಂಡ್ ಆಗಿ ಸಾಲುಗಳಲ್ಲೇ ಕಾದಾಡುವ ರ‍್ಯಾಪ್ ಬ್ಯಾಟಲ್‌ನಲ್ಲಿ 3-2 ತೀರ್ಪು (ಐವರು ಜಡ್ಜ್‌ಗಳಲ್ಲಿ ಮೂವರು ಒಬ್ಬನಿಗೆ, ಇಬ್ಬರು ಇನ್ನೊಬ್ಬನಿಗೆ) ಬಂತು ಅಂದರೆ ಸಾಕು, ಜಡ್ಜ್‌ಗಳಿಗೆ ಬೈಗುಳ ಶುರು. ದುಡ್ಡು ತಗೊಂಡ್ರು, ಗೆಳೆಯನನ್ನು ಗೆಲ್ಲಿಸಿದ್ರು, ಕಿವಿ ಕೇಳಿಸಲ್ಲ. ಜಡ್ಜ್ ಕುರ್ಚಿಯಲ್ಲಿ ಕೂತು ಈ ಮೂರನ್ನೂ ಕೇಳಿಸಿಕೊಂಡವನು ನಾನು. ಅಲ್ಲಿಂದ ನೋಡಿದರೆ ಹೆಚ್ಚಿನ ಜಗಳಕ್ಕೆ ಕಾರಣ ಮೋಸ ಅಲ್ಲ, ಲೆಕ್ಕ. ಯಾವುದನ್ನು ಎಣಿಸಬೇಕು, ಹೇಗೆ ಕೂಡಬೇಕು ಅನ್ನೋದನ್ನ ಯಾರೂ ಮೊದಲೇ ಹೇಳಿರುವುದಿಲ್ಲ.

ಒಂದು ಉದಾಹರಣೆ ನೋಡಿ. ಬಾಕ್ಸಿಂಗ್‌ನಲ್ಲಿ ರೌಂಡ್ ಗೆದ್ದವನಿಗೆ 10, ಸೋತವನಿಗೆ ಸಾಮಾನ್ಯವಾಗಿ 9. ನೆಲಕ್ಕೆ ಬಿದ್ದರೆ ಅದಕ್ಕಿಂತ ಕಡಿಮೆ. ಅದೇ ಅಂಕಪಟ್ಟಿಯನ್ನು ಬ್ಯಾಟಲ್‌ಗೆ ಹಾಕೋಣ. ಮೊದಲ ಎರಡು ರೌಂಡ್ 'ಎ' ಕೂದಲೆಳೆಯಲ್ಲಿ ಗೆದ್ದ: 10-9, 10-9. ಮೂರನೇ ರೌಂಡ್‌ನಲ್ಲಿ ಅವನು ಸಾಲು ಮರೆತು ನಿಂತುಬಿಟ್ಟ. ಆ ರೌಂಡ್ 'ಬಿ'ಗೆ 10-7. ರೌಂಡ್ ಎಣಿಸಿದರೆ 'ಎ' 2-1ರಿಂದ ಗೆದ್ದ. ಅಂಕ ಕೂಡಿದರೆ 'ಬಿ' 28-27ರಿಂದ ಗೆದ್ದ. ಜಡ್ಜ್ ಒಬ್ಬನೇ, ಅವನ ಅಭಿಪ್ರಾಯವೂ ಒಂದೇ. ಗೆದ್ದವರು ಮಾತ್ರ ಇಬ್ಬರು!

ಮೂವರು ಜಡ್ಜ್‌ಗಳಿದ್ದರೆ ಇನ್ನೂ ಮಜಾ. ಮೊದಲ ಜಡ್ಜ್ 1 ಮತ್ತು 2ನೇ ರೌಂಡ್ 'ಎ'ಗೆ ಕೊಟ್ಟರು, 3ನೆಯದು 'ಬಿ'ಗೆ. ಎರಡನೇ ಜಡ್ಜ್ 1 ಮತ್ತು 3ನೇ ರೌಂಡ್ 'ಎ'ಗೆ, 2ನೆಯದು 'ಬಿ'ಗೆ. ಮೂರನೇ ಜಡ್ಜ್ ಮೂರನ್ನೂ 'ಬಿ'ಗೇ ಕೊಟ್ಟರು. ಇಬ್ಬರು ಜಡ್ಜ್‌ಗಳ ಪ್ರಕಾರ ಬ್ಯಾಟಲ್ 'ಎ'ಯದು, ಹಾಗಾಗಿ 'ಎ' ಗೆದ್ದ. ಈಗ ಒಂದೊಂದು ರೌಂಡ್‌ನ ಬಹುಮತ ನೋಡಿ. 1ನೇ ರೌಂಡ್ 'ಎ', 2 ಮತ್ತು 3ನೇ ರೌಂಡ್ 'ಬಿ'. ಈ ಲೆಕ್ಕದಲ್ಲಿ ಗೆದ್ದವನು 'ಬಿ'. ಸೋತವನ ಅಭಿಮಾನಿ ಈ ಎರಡನೇ ಲೆಕ್ಕ ಹಿಡಿದುಕೊಂಡು ಬಂದರೆ ಅವನನ್ನು ದಡ್ಡ ಅನ್ನೋಕಾಗಲ್ಲ, ಅಲ್ವಾ? ಅವನು ಬೇರೆ ನಿಯಮದಲ್ಲಿ ಸರಿಯಾಗಿಯೇ ಇದ್ದಾನೆ.

ಇನ್ನು ಏನನ್ನು ಎಣಿಸಬೇಕು ಅನ್ನೋ ಜಗಳ. ಅದು ಬ್ಯಾಟಲ್‌ನಷ್ಟೇ ಹಳೆಯದು. 1981ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್ ವರ್ಲ್ಡ್ ಕ್ಲಬ್‌ನಲ್ಲಿ ರ‍್ಯಾಪರ್‌ಗಳಾದ ಬಿಜಿ ಬೀ ಮತ್ತು ಕೂಲ್ ಮೋ ಡೀ ಎದುರಾದರು. ಬಿಜಿ ಬೀ ಜನರನ್ನು ಕೂಗಿಸುವುದರಲ್ಲಿ ಪಂಟರ್. ಮೋ ಡೀ ಒತ್ತೊತ್ತಾದ ಸಾಲುಗಳಲ್ಲಿ ನೇರವಾಗಿ ಅವನ ಮೇಲೇ ಬಿದ್ದ. ಕ್ರೌಡ್ ಮೊದಲೋ ಬರವಣಿಗೆ ಮೊದಲೋ ಅನ್ನುವ ಪ್ರಶ್ನೆ ಅಂದಿನಿಂದ ಹಾಗೇ ಇದೆ. ನನ್ನ ಮಟ್ಟಿಗೆ ಬರವಣಿಗೆಗೇ ಜಾಸ್ತಿ ತೂಕ. ಆದರೆ ಪಕ್ಕದಲ್ಲಿ ಕೂತ ಜಡ್ಜ್ ಸ್ಟೇಜ್ ಮೇಲಿನ ಹಿಡಿತಕ್ಕೆ ತೂಕ ಕೊಟ್ಟರೆ ಅದನ್ನೂ ತಪ್ಪು ಅನ್ನಲಾರೆ. ಇದು ಓದಿ ಮುಗಿಸುವ ಕವಿತೆ ಅಲ್ಲವಲ್ಲ.

ಕ್ರೌಡ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕೂಗು ಎಷ್ಟು ಜೋರು ಅನ್ನೋದಕ್ಕಿಂತ ಅದು ಯಾವಾಗ ಬಂತು ಅನ್ನೋದನ್ನ ನಾನು ಗಮನಿಸುತ್ತೇನೆ. ಪಂಚ್, ಅಂದರೆ ಎದುರಾಳಿಗೆ ನಾಟುವ ಸಾಲು, ಬಿದ್ದ ಮೇಲೆ ಅರೆಕ್ಷಣ ತಡವಾಗಿ ಕೂಗು ಎದ್ದರೆ ಜನಕ್ಕೆ ಸಾಲು ಅರ್ಥ ಆಗಿದೆ ಅಂತ. ಸಾಲು ಮುಗಿಯುವ ಮೊದಲೇ ಎದ್ದರೆ ಅದು ಗೆಳೆಯರ ಗುಂಪು. ಕೆಲವು ರ‍್ಯಾಪರ್‌ಗಳು ಧ್ವನಿ ಏರಿಸಿ, ಮಧ್ಯೆ ಒಂದು ಕ್ಷಣ ತಡೆದು, ದಿಟ್ಟಿಸಿ ನೋಡುತ್ತಾರೆ. ಸಾಲಿನಲ್ಲಿ ಏನೂ ಇಲ್ಲದಿದ್ದರೂ ಹಾಲ್ ಎದ್ದು ಕುಣಿಯುತ್ತೆ. ಅದಕ್ಕೂ ಸ್ವಲ್ಪ ಅಂಕ ಇದೆ, ಇಲ್ಲ ಅನ್ನಲ್ಲ. ಬಾರ್‌ಗೆ, ಅಂದರೆ ಸಾಲಿನ ಬರವಣಿಗೆಗೆ, ಕೊಡುವಷ್ಟು ಮಾತ್ರ ಇಲ್ಲ.

ವಿಡಿಯೊ ನೋಡಿದವರ ಸಿಟ್ಟಿಗೂ ಕಾರಣ ಇದೆ. ಅವರಿಗೆ ಮೈಕ್‌ನಿಂದ ನೇರವಾಗಿ ಎಲ್ಲ ಸಾಲೂ ಕೇಳಿಸುತ್ತೆ. ಬೇಕಾದರೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಬಹುದು. ಎರಡು ಅರ್ಥ ಅಡಗಿಸಿಟ್ಟ ಸಾಲು ಮೂರನೇ ಸಲ ಕೇಳಿದಾಗ ಬಿಚ್ಚಿಕೊಳ್ಳುತ್ತೆ. ನಮಗೆ ಸಿಗೋದು ಒಂದೇ ಸಲ, ಅದೂ ಗಲಾಟೆಯ ನಡುವೆ. ಯಾರಿಗೂ ಅರ್ಥವಾಗದೆ ಹೋದ ಜಾಣ ಸಾಲಿಗೆ ಆ ರಾತ್ರಿ ನಾನು ಅಂಕ ಕೊಡುವುದಿಲ್ಲ. ಎದುರಿಗಿದ್ದವರಿಗೆ ಮುಟ್ಟಿಸುವುದೂ ರ‍್ಯಾಪರ್‌ನ ಕೆಲಸವೇ. ಇದನ್ನು ಒಪ್ಪದ ಜಡ್ಜ್‌ಗಳೂ ಇದ್ದಾರೆ.

ಸಾಲು ಮರೆಯುವುದನ್ನು ಚೋಕ್ ಅಂತೀವಿ. ಕೆಲವರು ಚೋಕ್ ಆದರೆ ಇಡೀ ರೌಂಡ್ ಹೋಯಿತು ಅಂತಾರೆ. ನನಗೆ ಅದು ಅತಿ ಅನಿಸುತ್ತೆ. ಎರಡು ಕ್ಷಣ ತಡವರಿಸಿ ಮತ್ತೆ ಹಳಿಗೆ ಬಂದವನಿಗೂ ಅರ್ಧ ರೌಂಡ್ ಬಿಟ್ಟುಕೊಟ್ಟವನಿಗೂ ಒಂದೇ ಶಿಕ್ಷೆ ಯಾಕೆ? ಇನ್ನು ಎರಡನೆಯವನಾಗಿ ಹೋಗುವ ಲಾಭ. ಎದುರಾಳಿ ಈಗಷ್ಟೇ ಹೇಳಿದ ಸಾಲನ್ನೇ ತಿರುಗಿಸಿ ಹೊಡೆಯುವ ಅವಕಾಶ ಅವನಿಗೆ ಪ್ರತಿ ರೌಂಡ್‌ನಲ್ಲೂ ಸಿಗುತ್ತೆ. ಮೊದಲು ಹೋದವನ ಕೊನೆಯ ರೌಂಡ್‌ಗೆ ಅವನು ಉತ್ತರ ಕೊಡಬಹುದು. ಎರಡನೆಯವನ ಕೊನೆಯ ರೌಂಡ್‌ಗೆ ಉತ್ತರ ಕೊಡಲು ಯಾರೂ ಇರುವುದಿಲ್ಲ. ತೀರ್ಪು ಬರೆಯುವಾಗ ಕಿವಿಯಲ್ಲಿ ಉಳಿದಿರೋದೂ ಅವನ ದನಿಯೇ. ಅದಕ್ಕೇ ರೌಂಡ್ ಮುಗಿದ ಕೂಡಲೇ ಅಂಕ ಬರೆದುಬಿಡುವುದು ನನ್ನ ಅಭ್ಯಾಸ. ಕೊನೆಗೆ ಕೂತು ನೆನಪಿನಿಂದ ಬರೆದರೆ ಮೊದಲ ರೌಂಡ್‌ಗೆ ಅನ್ಯಾಯ ಗ್ಯಾರಂಟಿ.

ಸೋತವನು ಆಮೇಲೆ ದೊಡ್ಡವನಾದ, ಹಾಗಾಗಿ ಅಂದಿನ ತೀರ್ಪು ತಪ್ಪು ಅನ್ನುವ ವಾದವೂ ಇದೆ. ಮುಂದೆ ಜಗತ್ಪ್ರಸಿದ್ಧನಾದ ರ‍್ಯಾಪರ್ ಎಮಿನೆಮ್ 1997ರಲ್ಲಿ ಸ್ಕ್ರಿಬಲ್ ಜ್ಯಾಮ್ ಬ್ಯಾಟಲ್ ಸ್ಪರ್ಧೆಯ ಫೈನಲ್‌ನಲ್ಲಿ ಎಂಸಿ ಜ್ಯೂಸ್‌ಗೆ ಸೋತ. ಅದೇ ವರ್ಷ ಲಾಸ್ ಏಂಜಲೀಸ್‌ನ ರ‍್ಯಾಪ್ ಒಲಿಂಪಿಕ್ಸ್‌ನಲ್ಲೂ ಎರಡನೇ ಸ್ಥಾನಕ್ಕೆ ನಿಂತ. ಮುಂದೆ ಎಷ್ಟು ಆಲ್ಬಮ್ ಮಾರಾಟವಾದವು ಅನ್ನೋದು ಅಂದಿನ ಜಡ್ಜ್‌ಗಳ ಹಾಳೆಯಲ್ಲಿ ಇರಲು ಹೇಗೆ ಸಾಧ್ಯ?

ಈ ತಲೆನೋವೇ ಬೇಡ ಅಂತ ಅಮೆರಿಕದ ಅಲ್ಟಿಮೇಟ್ ರ‍್ಯಾಪ್ ಲೀಗ್ ಬಹುಪಾಲು ಬ್ಯಾಟಲ್‌ಗಳಿಗೆ ಜಡ್ಜ್‌ಗಳನ್ನೇ ಕೂರಿಸುವುದಿಲ್ಲ. ಚರ್ಚೆ ಜನಕ್ಕೆ ಬಿಟ್ಟಿದ್ದು. ಟೂರ್ನಮೆಂಟ್‌ನಲ್ಲಿ ಇದು ಆಗದ ಮಾತು, ಯಾರಾದರೂ ಒಬ್ಬರು ಮುಂದಿನ ಸುತ್ತಿಗೆ ಹೋಗಲೇಬೇಕು. ಸ್ಪ್ಯಾನಿಷ್ ಫ್ರೀಸ್ಟೈಲ್‌ನವರ, ಅಂದರೆ ಸ್ಥಳದಲ್ಲೇ ಸಾಲು ಕಟ್ಟಿ ಹಾಡುವವರ, ದಾರಿ ನನಗೆ ಹಿಡಿಸುತ್ತೆ. ಜಡ್ಜ್‌ಗಳಿಗೆ ತೀರಾ ಹತ್ತಿರ ಅನಿಸಿದರೆ 'ರೆಪ್ಲಿಕಾ' ಅಂತ ಹೆಚ್ಚುವರಿ ಸುತ್ತು ಕೇಳುತ್ತಾರೆ. 2017ರಲ್ಲಿ ಸ್ಪೇನ್‌ನಲ್ಲಿ ಶುರುವಾದ ಎಫ್‌ಎಂಎಸ್ (ಫ್ರೀಸ್ಟೈಲ್ ಮಾಸ್ಟರ್ ಸೀರೀಸ್) ಲೀಗ್‌ನಲ್ಲಂತೂ ನೇರ ಗೆಲುವಿಗೆ 3 ಪಾಯಿಂಟ್, ರೆಪ್ಲಿಕಾದಲ್ಲಿ ಗೆದ್ದರೆ 2, ಅಲ್ಲಿ ಸೋತವನಿಗೂ 1. ಪೈಪೋಟಿ ಎಷ್ಟು ಬಿಗಿಯಾಗಿತ್ತು ಅನ್ನೋದು ಪಾಯಿಂಟ್ ಪಟ್ಟಿಯಲ್ಲೇ ಕಾಣುತ್ತೆ.

ಆದರೆ ಮೊದಲೇ ಬರೆದುಕೊಂಡು ಬರುವ ಬ್ಯಾಟಲ್‌ಗೆ ಇದನ್ನು ಹಾಗೇ ತಂದರೆ ಎಡವಟ್ಟು. ವಾರಗಟ್ಟಲೆ ಕೂತು ಬರೆದವರಿಗೆ ಓವರ್‌ಟೈಮ್‌ನಲ್ಲಿ ಥಟ್ಟನೆ ಕಟ್ಟಿ ಹಾಡಿ ಅಂದರೆ ಅದು ಬೇರೆಯೇ ಆಟ. ಅಲ್ಲಿ ಗೆದ್ದವನು ಬರವಣಿಗೆಯಲ್ಲಿ ಗೆದ್ದ ಅನ್ನೋಕಾಗಲ್ಲ. ಅಂಥ ಕಡೆ ನಾನು ಓವರ್‌ಟೈಮ್ ಕೇಳುವುದಿಲ್ಲ. ಹೆಸರು ಬರೆದು ಹಾಳೆ ಕೊಡುತ್ತೇನೆ, ಆಮೇಲೆ ಮೈಕ್ ಹಿಡಿದು ಯಾವ ರೌಂಡ್ ಯಾರಿಗೆ, ಯಾವ ಸಾಲಿಗಾಗಿ ಅಂತ ಹೇಳುತ್ತೇನೆ. 'ಯಾರಿಗೆ ಬೇಕಾದರೂ ಹೋಗಬಹುದಿತ್ತು' ಅಂತಷ್ಟೇ ಹೇಳಿ ಮೈಕ್ ಕೆಳಗಿಡುವ ಜಡ್ಜ್‌ಗೆ ಬೈಗುಳ ಬಿದ್ದರೆ ನನಗೇನೂ ಕನಿಕರ ಇಲ್ಲ.