ಕ್ಯಾಪ್‌ನ ಚೂರು ಹಾರಿದೆ, ಒಳ್ಳೆ ಗಮ್ ಹಾಕಿದರೆ ನಿಲ್ಲುತ್ತಲ್ವಾ?

ಗೋಣಿಕೊಪ್ಪಲಿನ ಓದುಗರೊಬ್ಬರ ಪ್ರಶ್ನೆ: "ಪಂದಿಕರಿಯ ಮೂಳೆ ಕಡಿಯುವಾಗ ಮುಂದಿನ ಹಲ್ಲಿನ ಪಿಂಗಾಣಿ ಕ್ಯಾಪ್‌ನ ಚೂರೊಂದು ಹಾರಿತು. ಹೊಸ ಕ್ಯಾಪ್ ಬೇಡ. ಒಳ್ಳೆ ಗಮ್ ಹಾಕಿ ಸರಿ ಮಾಡಬಹುದಲ್ವಾ ಡಾಕ್ಟ್ರೇ?"

ಸರಿ ಮಾಡಬಹುದು. ಚೂರು ಸಣ್ಣದಿರಬೇಕು, ಕ್ಯಾಪ್ ಅಲ್ಲಾಡಬಾರದು, ಒಳಗಿನ ಹಲ್ಲು ಹುಳುಕಾಗಿರಬಾರದು. ಇಷ್ಟಿದ್ದರೆ ಬಾಯಲ್ಲೇ ರೆಸಿನ್ (ಹಲ್ಲಿನ ಬಣ್ಣದ, ಲೈಟ್ ಹಿಡಿದರೆ ಗಟ್ಟಿಯಾಗುವ ಫಿಲ್ಲಿಂಗ್ ವಸ್ತು) ತುಂಬಿ ರಿಪೇರಿ ಮಾಡುತ್ತೇವೆ.

ಆದರೆ ಆ 'ಒಳ್ಳೆ ಗಮ್' ಅನ್ನೋ ಮಾತಿಗೆ ಎಷ್ಟು ಸಲ ಉತ್ತರ ಹೇಳಿದರೂ ಮುಗಿಯುತ್ತಿಲ್ಲ. ಮೈಸೂರಲ್ಲಿ ಸಿಗುತ್ತಂತೆ, ಫಾರಿನ್‌ದು ಇದೆಯಂತೆ, ತರಿಸಿ ಹಾಕಿ ಅಂತ ಕೇಳುತ್ತಲೇ ಇರುತ್ತಾರೆ. ದಯವಿಟ್ಟು ಇದನ್ನು ತಲೆಯಿಂದ ತೆಗೆದುಹಾಕಿ. ಎಷ್ಟೇ ದುಬಾರಿ ಗಮ್ ತಂದರೂ ನುಣುಪಾದ ಪಿಂಗಾಣಿಯ ಮೇಲೆ ಅದು ಸುಮ್ನೆ ಕೂತಿರುತ್ತದೆ. ಒಂದು ಅಕ್ಕಿರೊಟ್ಟಿ ಕಡಿಯುವಷ್ಟರಲ್ಲಿ ಕಳಚಿದರೂ ಆಶ್ಚರ್ಯವಿಲ್ಲ. ರೆಸಿನ್ ನಿಲ್ಲುವುದು, ಬೀಳುವುದು ತೀರ್ಮಾನವಾಗುವುದು ಅದನ್ನು ಹಾಕುವ ಮೊದಲೇ, ಪಿಂಗಾಣಿಯ ಮೈಯನ್ನು ಹೇಗೆ ತಯಾರು ಮಾಡಿದ್ದೇವೆ ಅನ್ನೋದರಲ್ಲಿ.

ಮೊದಲು ಮುರಿದ ಅಂಚನ್ನು ಬರ್‌ನಿಂದ, ಅಂದರೆ ಮೆಷಿನ್‌ನ ಪುಟ್ಟ ಮೊನೆಯಿಂದ, ಉಜ್ಜಿ ಇಳಿಜಾರು ಮಾಡುತ್ತೇವೆ. ಅಷ್ಟೇ ಸಾಲದು. ಆಸಿಡ್ ಹಚ್ಚಬೇಕು, ಅದೂ ಸರಿಯಾದ ಆಸಿಡ್. 1955ರಲ್ಲಿ ಬ್ಯುನೊಕೋರ್ ಎಂಬ ದಂತವೈದ್ಯರು ಹಲ್ಲಿನ ಹೊರಪದರವಾದ ಎನಾಮೆಲ್‌ಗೆ ಫಾಸ್ಫಾರಿಕ್ ಆಸಿಡ್ ಹಚ್ಚಿದರೆ ರೆಸಿನ್ ಚೆನ್ನಾಗಿ ಹಿಡಿಯುತ್ತದೆ ಅಂತ ತೋರಿಸಿದರು. ಸಾಮಾನ್ಯ ಫಿಲ್ಲಿಂಗ್‌ಗೆ ಇವತ್ತಿಗೂ ಅದೇ. ಪಿಂಗಾಣಿಗೆ ಮಾತ್ರ ಅದು ನಾಟುವುದಿಲ್ಲ, ಮೇಲಿನ ಕೊಳೆ ತೊಳೆಯುತ್ತದೆ ಅಷ್ಟೆ. ಇಲ್ಲಿ ಹೈಡ್ರೋಫ್ಲೋರಿಕ್ ಆಸಿಡ್‌ನ ಜೆಲ್ ಬೇಕು. ಅದು ಪಿಂಗಾಣಿಯಲ್ಲಿರುವ ಗಾಜಿನ ಅಂಶವನ್ನು ಕರಗಿಸುತ್ತದೆ. ಸುಮಾರು 9.5% ಜೆಲ್ ಅನ್ನು ಒಂದರಿಂದ ಒಂದೂವರೆ ನಿಮಿಷ ಬಿಟ್ಟು, ತೊಳೆದು, ಗಾಳಿ ಊದಿದಾಗ ಹೊಳಪೆಲ್ಲ ಹೋಗಿ ಮಬ್ಬು ಬಿಳಿ ಕಾಣಬೇಕು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಥೇಟ್ ಜೇನುಹಟ್ಟಿ, ತುಂಬ ಸಣ್ಣ ಸಣ್ಣ ಗೂಡುಗಳು. ರೆಸಿನ್ ಇಳಿದು ಬೇರು ಬಿಡುವುದು ಅಲ್ಲೇ.

ಆಮೇಲೆ ಸಿಲೇನ್. ನೀರಿನಂಥ ದ್ರವ, ತೆಳ್ಳಗೆ ಹಚ್ಚಿ ಒಂದು ನಿಮಿಷ ಒಣಗಲು ಬಿಡುತ್ತೇವೆ. ಅದರ ಅಣುವಿನ ಒಂದು ತುದಿ ಗಾಜನ್ನು ಹಿಡಿಯುತ್ತದೆ, ಇನ್ನೊಂದು ರೆಸಿನನ್ನು. ಇಷ್ಟೆಲ್ಲ ಆದಮೇಲೆ ಬಾಂಡ್ ಅನ್ನೋ ಅಂಟುದ್ರವ, ಅದರ ಮೇಲೆ ರೆಸಿನ್, ಅದು ಗಟ್ಟಿಯಾಗಲು ನೀಲಿ ಲೈಟ್. ನೀವು 'ಗಮ್' ಅನ್ನೋದರ ಸರದಿ ಬರುವುದು ಇಷ್ಟು ತಡವಾಗಿ.

ಈ ಹೈಡ್ರೋಫ್ಲೋರಿಕ್ ಆಸಿಡ್ ಬಹಳ ಅಪಾಯದ್ದು. ಒಸಡಿಗೆ, ಚರ್ಮಕ್ಕೆ ತಾಗಿದರೆ ಆಳಕ್ಕೆ ಇಳಿದು ಸುಡುತ್ತದೆ. ಅದಕ್ಕೇ ನಾವು ಬಾಯಿಗೆ ರಬ್ಬರ್ ಡ್ಯಾಮ್, ಅಂದರೆ ಹಲ್ಲನ್ನು ಮಾತ್ರ ಹೊರಗೆ ಬಿಡುವ ರಬ್ಬರ್ ಹಾಳೆ, ಕಟ್ಟುವುದು. ಉಸಿರುಕಟ್ಟುತ್ತೆ, ಬೇಡ ಅನ್ನಬೇಡಿ. ಹಾಗೆಯೇ ಮನೆಯಲ್ಲಿ ಫೆವಿಕ್ವಿಕ್ ಹಾಕಿ ಅಂಟಿಸಲು ಹೋಗಬೇಡಿ. ಒಸಡು ಸುಡುತ್ತದೆ, ಹಲ್ಲು ಕೂಡುವ ಲೆಕ್ಕ ತಪ್ಪುತ್ತದೆ, ಕೊನೆಗೆ ಅದನ್ನು ಕೆರೆದು ತೆಗೆಯುವುದೇ ನಮಗೆ ದೊಡ್ಡ ಕೆಲಸ. ಹಾರಿದ ಚೂರು ಸಿಕ್ಕಿದ್ದರೆ ಡಬ್ಬಿಯಲ್ಲಿ ಹಾಕಿ ತನ್ನಿ. ಕೆಲವು ಸಲ ಅದನ್ನೇ ಕೂರಿಸಬಹುದು.

ನಿಮ್ಮದು ಪಿಂಗಾಣಿಯಲ್ಲ, ಜಿರ್ಕೋನಿಯಾ ಅನ್ನೋ ಇನ್ನೊಂದು ಗಟ್ಟಿ ವಸ್ತುವಿನ ಕ್ಯಾಪ್ ಆಗಿದ್ದರೆ ದಾರಿಯೇ ಬೇರೆ. ಗಟ್ಟಿ ಕ್ಯಾಪ್, ರಿಪೇರಿಯೂ ಗಟ್ಟಿ ಅಂದುಕೊಳ್ಳುತ್ತಾರೆ. ಅದರಲ್ಲಿ ಕರಗಲು ಗಾಜೇ ಇಲ್ಲ, ಹಾಗಾಗಿ ಆ ಆಸಿಡ್ ಹಚ್ಚಿ ಪ್ರಯೋಜನವಿಲ್ಲ. 50 ಮೈಕ್ರಾನ್‌ನ ಅಲ್ಯುಮಿನಾ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಒರಟು ಮಾಡಿ, ಜಿರ್ಕೋನಿಯಾವನ್ನು ಹಿಡಿಯುವ ಎಂಡಿಪಿ ಎಂಬ ರಾಸಾಯನಿಕ ಇರುವ ಪ್ರೈಮರ್ (ರೆಸಿನ್‌ಗೆ ಮೊದಲು ಹಚ್ಚುವ ದ್ರವ) ಹಚ್ಚಬೇಕು. ಇಲ್ಲಿ ಜೊಲ್ಲು ತಾಗಿದರೆ ಕೆಲಸ ಕೆಟ್ಟಂತೆ. ಜೊಲ್ಲಿನ ಫಾಸ್ಫೇಟ್, ಎಂಡಿಪಿ ಕೂರಬೇಕಾದ ಜಾಗವನ್ನು ತಾನೇ ಹಿಡಿದುಬಿಡುತ್ತದೆ.

ಕಾಫಿಯ ವಿಷಯ ಯಾರೂ ಕೇಳುವುದಿಲ್ಲ, ನಮ್ಮ ಕೊಡಗಿನಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ. ಪಿಂಗಾಣಿಗೆ ಕಲೆ ಸುಲಭಕ್ಕೆ ಹಿಡಿಯುವುದಿಲ್ಲ. ರೆಸಿನ್ ಸ್ವಲ್ಪ ನೀರು ಕುಡಿಯುತ್ತದೆ, ಜೊತೆಗೆ ಬಣ್ಣವನ್ನೂ. ದಿನಕ್ಕೆ ನಾಲ್ಕೈದು ಲೋಟ ಬೆಲ್ಲದ ಕಪ್ಪು ಕಾಫಿ ಕುಡಿಯುವವರಿಗೆ ರಿಪೇರಿಯ ಜಾಗ ಬರಬರುತ್ತಾ ಹಳದಿಯಾಗಬಹುದು. ಕಾಫಿ ಬಿಡಿ ಅಂತ ನಾನು ಹೇಳುವುದಿಲ್ಲ. ಕುಡಿದ ಮೇಲೆ ಬಾಯಿ ಮುಕ್ಕಳಿಸಿ, ಆಗಾಗ ಬಂದು ಪಾಲಿಶ್ ಮಾಡಿಸಿಕೊಳ್ಳಿ. ಬಣ್ಣ ಜಾಸ್ತಿ ಇಳಿದಿದ್ದರೆ ರೆಸಿನ್‌ನ ಹೊರಪದರ ಮಾತ್ರ ಕೆರೆದು ಹೊಸದು ಹಾಕುತ್ತೇವೆ. ಕ್ಯಾಪ್ ಬಿಚ್ಚಬೇಕಾಗಿಲ್ಲ.